ಬೆಂಕಿ ಇಲ್ಲದ ಬೀಡಿ, ಗ್ರೀಸು ಮೆತ್ತಿದ ಕೈ

ಎರಡೂ ಕೈಗೆ ಮೊಣಕೈವರೆಗೆ ಗ್ರೀಸು. ಒಂದು ಬೀಡಿ ಸೇದಬೇಕು ಅಂತ ಆಸೆ. ಕಡ್ಡಿ ಗೀರಬೇಕಾದರೆ ಮೊದಲು ಕೈ ಒರೆಸಬೇಕು. ಒರೆಸಿದರೂ ಬೀಡಿಗೆ ಎಣ್ಣೆ ಹಿಡಿದು ಹತ್ತೋದಿಲ್ಲ. ಪಕ್ಕದಲ್ಲೇ ಪೆಟ್ರೋಲು ಡಬ್ಬ ಬೇರೆ, ಯಜಮಾನರು ಕಂಡರೆ ಬೈಗುಳ. ಗ್ಯಾರೇಜಿನವರ ಈ ಹಳೇ ತಾಪತ್ರಯಕ್ಕೆ ಹೊಸ ಪರಿಹಾರವೊಂದು ಕೊರಳಿಗೆ ದಾರ ಕಟ್ಟಿಕೊಂಡು ಬಂದಿದೆ. ಅದೇ ಎಲೆಕ್ಟ್ರಾನಿಕ್ ಸಿಗರೇಟು. ಹುಡುಗರ ಬಾಯಲ್ಲಿ ‘ವೇಪು’.

ಕಡ್ಡಿ ಬೇಡ, ಬೂದಿ ಇಲ್ಲ, ಸ್ಪ್ಯಾನರು ಕೆಳಗಿಡುವ ಪ್ರಮೇಯವೇ ಇಲ್ಲ. ಹಲ್ಲಲ್ಲಿ ಕಚ್ಚಿ ಎಳೆದರೆ ಆಯ್ತು. ಬಾಗಿಲು ಉಜ್ಜಿ ಬಣ್ಣ ಹೊಡೆಯುವವರು, ಮರಗೆಲಸದವರು, ಭಾನುವಾರ ಬಂತೆಂದರೆ ಹಳೇ ಬೈಕು ಬಿಚ್ಚಿ ಅಂಗಳದ ತುಂಬಾ ಹರವಿಕೊಳ್ಳುವ ಶೋಕಿದಾರರು, ಎಲ್ಲರಿಗೂ ಇದು ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಕೇಳಿದರೆ ಉತ್ತರ ಸಿದ್ಧ: “ಬೆಂಕಿನೇ ಇಲ್ವಲ್ಲ ಸಾರ್, ಬರೀ ಹಬೆ. ಇದರಿಂದ ಏನಾಗುತ್ತೆ?”

ಬೀಡಿಯನ್ನು ಹೊಗಳಲು ಇಲ್ಲಿ ಯಾರೂ ಹೊರಟಿಲ್ಲ. ಅದು ಎಷ್ಟು ಮನೆ ಹಾಳು ಮಾಡಿದೆ ಅಂತ ಊರಿಗೇ ಗೊತ್ತು. ಆದರೂ ಬೀಡಿಗೆ ಎರಡು ಗುಣವಿದೆ. ಅದು ಮುಗಿಯುತ್ತದೆ, ಮುಗಿದ ಮೇಲೆ ಬಿಸಾಕುತ್ತಾರೆ. ವೇಪಿನ ಬಾಯಿ ತುದಿ ಹಾಗಲ್ಲ. ದಿನಗಟ್ಟಲೆ, ವಾರಗಟ್ಟಲೆ ಅದೇ ತುದಿ. ಒಂದು ದಮ್ಮು ಎಳೆದು ಬೆಂಚಿನ ಮೇಲೆ ಇಡುತ್ತಾರೆ, ಬ್ರೇಕಿನ ಧೂಳಿನಲ್ಲಿ, ಥಿನ್ನರ್ ಬಟ್ಟೆಯ ಪಕ್ಕದಲ್ಲಿ. ಹತ್ತು ನಿಮಿಷಕ್ಕೆ ಮತ್ತೆ ಬಾಯಿಗೆ. ಕೈಯ ಕೊಳೆ ತುದಿಗೆ, ತುದಿಯದ್ದು ತುಟಿಗೆ.

ಬರೀ ಗ್ರೀಸಾದರೆ ಬಾಯಿ ಕಹಿಯಾದೀತು. ಹೆದರಿಕೆ ಇರುವುದು ಸೀಸಕ್ಕೆ. ಬ್ಯಾಟರಿ ಅಂಗಡಿಯಲ್ಲಿ ಪ್ಲೇಟು ಬಿಚ್ಚುವ ಕೈಗೆ ಸೀಸ ಮೆತ್ತುತ್ತದೆ. ಹಳೇ ಬಾಗಿಲಿಗೆ ಎಮರಿ ಕಾಗದ ಹಾಕಿ ಉಜ್ಜುವವರಿಗೂ ಅಷ್ಟೇ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದು ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಹೊಡೆದ ಬಣ್ಣ ಊರ ತುಂಬಾ ಕಿಟಕಿ ಬಾಗಿಲ ಮೇಲೆ ಇನ್ನೂ ಕೂತಿದೆ. ಈ ಧೂಳು ಬಾಯಿಗೆ ಹೋದರೆ ರಕ್ತಕ್ಕೆ ಸೇರಿ ಮೂಳೆಯಲ್ಲಿ ತಳವೂರುತ್ತದೆ. ಹೊಟ್ಟೆ ಹಿಂಡುತ್ತದೆ, ರಕ್ತ ಕಡಿಮೆಯಾಗುತ್ತದೆ, ನರ ಸೋಲುತ್ತದೆ. ಅಂಗಿಗೆ ಮೆತ್ತಿಕೊಂಡು ಮನೆಗೆ ಹೋದದ್ದು ಮಕ್ಕಳಿಗೂ ತಗಲುತ್ತದೆ.

ಇದು ಹೊರಗಿನ ಕೊಳೆ. ಒಳಗಿನ ರಸದ ಕಥೆ ಬೇರೆ. ಕೊಳವೆ ಸೋರಿದಾಗ, ರಸ ತುಂಬುವಾಗ ಅದು ಕೈಮೇಲೆ ಬೀಳುತ್ತದೆ. ಥಿನ್ನರು, ಪೆಟ್ರೋಲಿನಲ್ಲಿ ತೊಳೆದು ತೊಳೆದು ಬಿರಿದ ಕೈ ಅದು. ನಿಕೋಟಿನ್ನು ಚರ್ಮದಿಂದ ಒಳಗಿಳಿಯುತ್ತದೆಯೇ ಎಂದು ಅನುಮಾನವಿದ್ದವರು ನಮ್ಮ ಹುಣಸೂರು, ಪಿರಿಯಾಪಟ್ಟಣ ಕಡೆಯ ಹೊಗೆಸೊಪ್ಪಿನ ಬೇಸಾಯಗಾರರನ್ನು ಕೇಳಬಹುದು. ಒದ್ದೆ ಇರುವ ಹಸಿ ಎಲೆ ಮುರಿಯುವಾಗ, ಜನ್ಮದಲ್ಲಿ ಬೀಡಿ ಮುಟ್ಟದವರಿಗೂ ತಲೆಸುತ್ತು ವಾಂತಿ ಬರುವುದುಂಟು.

ರಸದ ಬಲವೆಷ್ಟು? ಡಬ್ಬಿಯ ಮೇಲೆ 5 ಪರ್ಸೆಂಟು ಎಂದಿದ್ದರೆ ಒಂದು ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್ ಎಂದರ್ಥ. ಇಂಗ್ಲೆಂಡಿನಲ್ಲಿ ಸಿಗರೇಟು ಬಿಡಿಸುವುದಕ್ಕೆಂದು 10 ಲಕ್ಷ ಜನರಿಗೆ ಸರ್ಕಾರವೇ ವೇಪು ಕೊಡುವ ಯೋಜನೆಯನ್ನು 2023ರಲ್ಲಿ ಸಾರಿತು. ವೇಪಿನ ಪರ ವಾದಿಸುವವರು ಇದನ್ನೇ ಎತ್ತಿ ಹೇಳುತ್ತಾರೆ. ಆದರೆ ಆ ದೇಶದ ಕಾನೂನಿನ ಮಿತಿ 20 ಮಿಲಿಗ್ರಾಂ ಎನ್ನುವುದನ್ನು ಮಾತ್ರ ಹೇಳೋದಿಲ್ಲ!

ಬೆಂಕಿಯೇ ಇಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಒಳಗೆ ಇರುವುದು ಲಿಥಿಯಂ ಬ್ಯಾಟರಿ ಮತ್ತು ಕಾಯುವ ತಂತಿ. ಬ್ಯಾಟರಿ ಬಿಚ್ಚಿ ಹಾಕುವ ಜಾತಿಯದ್ದಾದರೆ, ಬಿಡಿ ಬ್ಯಾಟರಿಯನ್ನು ಬೀಗದ ಕೈ, ಚಿಲ್ಲರೆ ಕಾಸಿನ ಜೊತೆ ಜೇಬಿಗೆ ಹಾಕಿಕೊಂಡು ತೊಡೆ ಸುಟ್ಟುಕೊಂಡವರ ಪ್ರಕರಣಗಳು ವಿದೇಶದ ಆಸ್ಪತ್ರೆಗಳಲ್ಲಿ ದಾಖಲಾಗಿವೆ. ಸಂಜೆ ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಿಂತಿರುವಾಗ ಪಕ್ಕದವನ ಜೇಬಿನಲ್ಲಿ ಅಂಥದ್ದೊಂದು ಇದ್ದರೆ?

ಇನ್ನು ಅಂಗಡಿಯವರ ವಿಷಯ. ರಾಜ್ಯ ಸರ್ಕಾರ ಈ ಮಾಲನ್ನು 2016ರಲ್ಲೇ ನಿಷೇಧಿಸಿತು. ಕೇಂದ್ರದ್ದು 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಅದೇ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು, ಯಾವುದೂ ಇಲ್ಲ. ಮಾರಿ ಸಿಕ್ಕಿಬಿದ್ದರೆ ಮೊದಲ ಸಲ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 3 ವರ್ಷ ಜೈಲು, 5 ಲಕ್ಷ ದಂಡದವರೆಗೂ ಹೋಗುತ್ತದೆ. “ನಾನು ಮಾರ್ಲಿಲ್ಲ, ಯಾರೋ ಇಟ್ಟು ಹೋದ್ರು” ಅನ್ನುವ ಮಾತೂ ನಡೆಯದು. ದಾಸ್ತಾನಿಗೇ 6 ತಿಂಗಳು ಜೈಲು ಅಥವಾ 50 ಸಾವಿರ ದಂಡದವರೆಗೆ ಇದೆ.

ನಿಷೇಧವಿದ್ದರೂ ಮಾಲು ಬರುತ್ತಿದೆ. ಕಳ್ಳಮಾಲಾದ್ದರಿಂದ ಅದರೊಳಗೆ ಏನು ಬೆರೆಸಿದ್ದಾರೆ ಎಂದು ಕೇಳುವ ಹಾಗಿಲ್ಲ, ಕೆಟ್ಟರೆ ದೂರು ಕೊಡುವ ಹಾಗೂ ಇಲ್ಲ. ಅಮೆರಿಕದಲ್ಲಿ 2019ರಲ್ಲಿ ವೇಪು ಎಳೆದವರ ಶ್ವಾಸಕೋಶ ಕೆಟ್ಟು, 2020ರ ಫೆಬ್ರವರಿ ಹೊತ್ತಿಗೆ 2,800ಕ್ಕೂ ಹೆಚ್ಚು ಪ್ರಕರಣ, 68 ಸಾವು ಲೆಕ್ಕಕ್ಕೆ ಸಿಕ್ಕವು. ಹೆಚ್ಚಿನವರು ಎಳೆದದ್ದು ಗಾಂಜಾ ಸತ್ವ ಬೆರೆತ ಕಳ್ಳಮಾಲು. ರಸ ಗಟ್ಟಿಯಾಗಿ ಕಾಣಲೆಂದು ಸೇರಿಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯೇ ಮುಖ್ಯ ಅಪರಾಧಿ ಎಂದು ಆಮೇಲೆ ತಿಳಿಯಿತು. ಸೇದುವಾಗ ಅವರಿಗೇನು ಗೊತ್ತಿತ್ತು?

ಹಳೇ ಮೆಕ್ಯಾನಿಕ್ಕುಗಳು ಬೀಡಿ ಬಿಟ್ಟು ಇದಕ್ಕೆ ಬಂದರೆ ಅದೊಂದು ಮಾತು. ಕಸುಬು ಕಲಿಯಲು ಬಂದ ಹುಡುಗನ ಕಥೆ ಬೇರೆ. ಮೇಸ್ತ್ರಿ ಬೀಡಿ ಕೊಟ್ಟರೆ ಕೆಮ್ಮಿ ಬಿಸಾಕುತ್ತಿದ್ದವನು ಮಾವಿನಹಣ್ಣಿನ ವಾಸನೆಯ ಹಬೆಗೆ ಬಾಯಿ ಒಡ್ಡುತ್ತಾನೆ. ಬೀಡಿ ವಾಸನೆ ಬಂದರೆ ಅವ್ವ ಹಿಡೀತಾಳೆ, ಮಾವಿನಹಣ್ಣಿನ ವಾಸನೆ ಬಂದರೆ ಯಾರು ಹಿಡೀತಾರೆ? ಬೀಡಿಯಾದರೆ ದಿನಕ್ಕೆ ಒಂದು ಕಟ್ಟು, ಅರ್ಧ ಕಟ್ಟು ಅಂತ ಲೆಕ್ಕ. ಇದಕ್ಕೆ ಲೆಕ್ಕವೇ ಇಲ್ಲ.

ಬಿಡಬೇಕು ಎಂದು ಮನಸ್ಸಾದವರಿಗೆ ಕೇಂದ್ರ ಸರ್ಕಾರದ ಉಚಿತ ದೂರವಾಣಿ ಇದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಬಿಡಲಾಗದವರು ಚಹಾಕ್ಕೆ ಮುಂಚೆ ಹೇಗೋ ಹಾಗೆ, ಇದಕ್ಕೂ ಮುಂಚೆ ಪೆಟ್ರೋಲಿನಲ್ಲಲ್ಲ, ಸೋಪಿನಲ್ಲಿ ಕೈ ತೊಳೆಯಬೇಕು. ಕೈ ತೊಳೆಯುವ ತಾಪತ್ರಯ ಬೇಡ ಅಂತಲೇ ಅಲ್ಲವೇ ವೇಪು ಕೊಂಡದ್ದು?