ಎಡವದೆ ನಡೆಯುವಂಥ ಅಂಗಿ

ಮದೀನಾದ ಮಸೀದಿಯಲ್ಲಿ ಪ್ರವಾದಿವರ್ಯರು(ಸ) ಮಿಂಬರ್ ಮೇಲೆ ಖುತ್ಬಾ ನೀಡುತ್ತಿದ್ದರು. ಪುಟ್ಟ ಮೊಮ್ಮಕ್ಕಳಾದ ಹಸನ್(ರ), ಹುಸೈನ್(ರ) ಕೆಂಪು ಅಂಗಿ ತೊಟ್ಟು ಎಡವುತ್ತ ಬಂದರು. ಪ್ರವಾದಿ(ಸ) ಮಾತು ನಿಲ್ಲಿಸಿ ಕೆಳಗಿಳಿದು ಇಬ್ಬರನ್ನೂ ಎತ್ತಿ ತಂದು ತಮ್ಮ ಮುಂದೆ ಕೂರಿಸಿಕೊಂಡರು. ಮಕ್ಕಳು ಎಡವುವುದನ್ನು ಕಂಡು ತಾಳಲಾಗಲಿಲ್ಲವೆಂದು ಸಭೆಗೂ ಹೇಳಿದರು. ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿರುವ ಈ ಘಟನೆಯನ್ನು ನಾವು ವಾತ್ಸಲ್ಯಕ್ಕೆ ಉದಾಹರಣೆಯಾಗಿ ಕೇಳುತ್ತೇವೆ. ಈದ್ ಬೆಳಿಗ್ಗೆ ಸಂಪಿಗೆಯ ಕಡೆ ಮಕ್ಕಳು ನಮಾಝಿಗೆ ಹೊರಟಾಗ ಅದು ಬೇರೆ ರೀತಿಯಲ್ಲೂ ನೆನಪಾಗುತ್ತದೆ.

ಮುಂದಿನ ವರ್ಷಕ್ಕೂ ಆಗಲಿ ಎಂದು ನಾವು ಎರಡಳತೆ ದೊಡ್ಡದಾಗಿ ಹೊಲಿಸುತ್ತೇವೆ. ಜುಬ್ಬಾ ಪಾದಕ್ಕೆ ತಾಗುತ್ತದೆ, ತೋಳು ಬೆರಳು ಮುಚ್ಚುತ್ತದೆ. ಮಗು ಸಜ್ದಾದಿಂದ ಎದ್ದು ನಿಲ್ಲುವಾಗ ಅಂಗಿಯನ್ನೇ ತುಳಿಯುತ್ತದೆ. ದೊಡ್ಡದಾಗಿ ಹೊಲಿಸುವುದು ತಪ್ಪಲ್ಲ. ಹೆಚ್ಚಿನ ಉದ್ದವನ್ನು ಒಳಕ್ಕೆ ಮಡಚಿ ಕೈಹೊಲಿಗೆ ಹಾಕಿದರೆ ಮುಂದಿನ ವರ್ಷ ಬಿಚ್ಚಬಹುದು. ಪೈಜಾಮಕ್ಕೆ ಲಾಡಿಗಿಂತ ಎಲಾಸ್ಟಿಕ್ ಮೇಲು. ಮಸೀದಿಯ ಶೌಚಾಲಯದಲ್ಲಿ ಗಂಟು ಬಿಚ್ಚಲಾಗದೆ ಅಳುವ ಮಗುವನ್ನು ಯಾರು ನೋಡಿಲ್ಲ? ವುಝೂ ಮಾಡಲು ತೋಳು ಮೊಣಕೈವರೆಗೆ ಸುಲಭವಾಗಿ ಏರಬೇಕು.

ಖರ್ಚಿನ ಮಾತು. ನಮ್ಮ ಸೀಮೆಯಲ್ಲಿ ಕಾಯಿ ಅಟ್ಟದ ಮೇಲೆ ಹತ್ತಾರು ತಿಂಗಳು ಒಣಗಿ ಕೊಬ್ಬರಿಯಾಗಿ ತಿಪಟೂರಿಗೆ ಹೋದ ಮೇಲೆಯೇ ಕೈಗೆ ಕಾಸು. ಹಬ್ಬವಾದರೋ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. ಅಟ್ಟದ ಕಾಯಿಗೆ ಅದು ಗೊತ್ತಿಲ್ಲ. ಅದಕ್ಕಾಗಿ ಬಡ್ಡಿಗೆ ಸಾಲ ತಂದು ಬಟ್ಟೆ ಕೊಳ್ಳುವ ಮನೆಗಳಿವೆ. ಈದ್‌ಗೆ ಸುನ್ನತ್ ಎಂದರೆ ಸ್ನಾನ ಮಾಡಿ, ಇರುವುದರಲ್ಲಿ ಒಳ್ಳೆಯದನ್ನು ತೊಡುವುದು. ಹೊಸದೇ ಆಗಬೇಕೆಂದಿಲ್ಲ. ಬಡ್ಡಿಯಾದರೋ ಹರಾಮ್.

ಹಝ್ರತ್ ಉಮರ್(ರ) ಒಮ್ಮೆ ಪೇಟೆಯಲ್ಲಿ ರೇಷ್ಮೆಯ ನಿಲುವಂಗಿ ಕಂಡು, ಈದ್‌ಗೂ ಅತಿಥಿಗಳು ಬಂದಾಗಲೂ ತೊಡಲು ಕೊಳ್ಳಿರೆಂದು ಪ್ರವಾದಿಯವರಿಗೆ(ಸ) ಹೇಳಿದರು. ಹಬ್ಬಕ್ಕೆ ಅಲಂಕರಿಸಿಕೊಳ್ಳುವುದನ್ನು ಅವರು ಬೇಡವೆನ್ನಲಿಲ್ಲ, ಆ ರೇಷ್ಮೆಯನ್ನು ಮಾತ್ರ ಬೇಡವೆಂದರು. ನಮ್ಮಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮಝ್‌ಹಬ್‌ನಲ್ಲಿ ಗಂಡುಮಕ್ಕಳಿಗೆ ರೇಷ್ಮೆ, ಚಿನ್ನ ತೊಡಿಸಿದರೆ ಹೊಣೆ ತೊಡಿಸಿದವರದು. ಹೆಣ್ಣುಮಕ್ಕಳಿಗೆ ಅಡ್ಡಿಯಿಲ್ಲ. ಅಂಗಡಿಯವರು ‘ಸಿಲ್ಕ್’ ಎನ್ನುವ ಜುಬ್ಬಾಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್. ಅದು ಈ ರೇಷ್ಮೆಯ ಲೆಕ್ಕಕ್ಕೆ ಬಾರದು. ಅನುಮಾನವಿದ್ದರೆ ಒಂದು ಎಳೆ ಸುಟ್ಟು ನೋಡಬಹುದು: ರೇಷ್ಮೆ ಕೂದಲು ಸುಟ್ಟಂತೆ ವಾಸನೆ ಬಂದು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಅಬಿಸೀನಿಯಾದಿಂದ ಬಂದ ಉಮ್ಮು ಖಾಲಿದ್ ಎಂಬ ಪುಟ್ಟ ಹುಡುಗಿಗೆ ಪ್ರವಾದಿ(ಸ) ಚಿತ್ತಾರದ ಕಪ್ಪು ಹೊದಿಕೆಯೊಂದನ್ನು ಸ್ವತಃ ತೊಡಿಸಿದರು. ಚೆನ್ನಾಗಿದೆ ಎನ್ನಲು ಆ ಮಗುವಿಗೆ ಗೊತ್ತಿದ್ದ ಅಬಿಸೀನಿಯಾದ ಮಾತನ್ನೇ ಬಳಸಿದರು. ಅದು ಹಳತಾಗಿ ಸವೆಯುವವರೆಗೆ ತೊಡುವಂತಾಗಲಿ ಎಂದು ಹರಸಿದರು. ನಾವೋ ಹಬ್ಬದ ಮರುದಿನವೇ ಬಟ್ಟೆಯನ್ನು ಟ್ರಂಕಿಗೆ ಸೇರಿಸುತ್ತೇವೆ, ಮುಂದಿನ ಈದ್‌ಗೆ ತೆಗೆದರೆ ತೋಳು ಗಿಡ್ಡ. ಪ್ರತಿ ಜುಮಾಕ್ಕೆ ಅದನ್ನೇ ಹಾಕಿ ಕಳುಹಿಸಿ. ಮಂಡಿಯ ಹತ್ತಿರ ಸವೆದರೆ ಸವೆಯಲಿ.