ರಸ್ತೆ ದಾಟೋಕೆ ಮಕ್ಕಳ ಗಸ್ತು
ಇದು ಮೈಸೂರಿನ ರಾಮಸ್ವಾಮಿ ಸರ್ಕಲ್. ಸ್ಕೂಲ್ ಬಿಡೋ ಹೊತ್ತಲ್ಲಿ ಇಲ್ಲಿ ರಸ್ತೆ ದಾಟಿ ನೋಡಿ, ಎದೆ ಢವಢವ!

ಇದಕ್ಕೊಂದು ಉಪಾಯ ಮಕ್ಕಳ ಗಸ್ತು. 1921ರಲ್ಲಿ ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಶಾಲೆ ಮಕ್ಕಳೇ ಗಸ್ತು ನಿಂತು ಜೊತೆಯವರನ್ನು ರಸ್ತೆ ದಾಟಿಸೋಕೆ ಶುರುಮಾಡಿದರು. ಎಷ್ಟೋ ಕಡೆ ಈ ಗಸ್ತಿನವರು ತಡೆಯೋದು ವಾಹನಗಳನ್ನಲ್ಲ, ಮಕ್ಕಳನ್ನು. ರಸ್ತೆ ಖಾಲಿಯಾದ ಮೇಲೇ ಬಿಡ್ತಾರೆ.

ನಮ್ಮಲ್ಲಿ? 2010ರಲ್ಲಿ ಕೇರಳದಲ್ಲಿ ಹುಟ್ಟಿದ, ಶಾಲೆ ಮಕ್ಕಳಿಗೆ ತರಬೇತಿ ಕೊಡೋ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ 2018ರಲ್ಲಿ ದೇಶಕ್ಕೆಲ್ಲ ಬಂತು. ರಸ್ತೆ ಸುರಕ್ಷತೆಯ ಪಾಠವೂ ಅದರಲ್ಲಿದೆ. ಒಳ್ಳೇದೇ. ಆದ್ರೆ ಮಕ್ಕಳಿಗೆ ಪಾಠ ಹೇಳೋ ಮೊದಲು ದೊಡ್ಡವರು ಬ್ರೇಕ್ ಒತ್ತಬೇಕಲ್ವಾ? ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ನಡೆಯೋರಿಗೇ ಮೊದಲ ದಾರಿ ಅಂತ 2017ರ ಕೇಂದ್ರ ಚಾಲನಾ ನಿಯಮವೇ ಹೇಳುತ್ತೆ. ಪಟ್ಟೆ ಮೇಲೇ ಬೈಕ್ ನಿಲ್ಲಿಸಿ ಹಾರ್ನ್ ಹೊಡೆಯೋ ಫ್ರೆಂಡ್‌ಗೆ ಇದನ್ನ ಕಳಿಸಿ.