ಮುಂದಿನದನ್ನು ಮೊದಲು ಒತ್ತಿ!

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೈದು ವರ್ಷ ಸೀಲು ಒತ್ತಿದವನು ನಾನು. ಒಂದರ ಮೇಲೊಂದು ಬಿದ್ದರೆ ಎರಡೂ ಓದಲು ಬಾರವು. ಮೊನ್ನೆ ಜಗಳೂರಿನ ನಮ್ಮ ಮನೆಯಲ್ಲಿ ಮೊಮ್ಮಗಳಿಗೂ ಅದೇ ಫಜೀತಿ. ಜಗಳವಾಡಿಕೊಂಡೇ ಬೇರೆ ಊರಿಗೆ ಹೋದ ಗೆಳತಿಗೆ ಶುಭಾಶಯ ಪತ್ರ ಮಾಡುತ್ತಿದ್ದಳು. ಅಳಿಸುವ ರಬ್ಬರಿನಲ್ಲಿ ಅವಳಪ್ಪ ಎರಡು ಅಚ್ಚು ಕೆತ್ತಿಕೊಟ್ಟಿದ್ದ: ಒಂದು ಮರ, ಒಂದು ಕೊಂಡುಕುರಿ. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿ ವನ್ಯಧಾಮ. ಗಂಡಿಗೆ ನಾಲ್ಕು ಕೊಂಬು. ಮರದ ಮೇಲೆ ಕೊಂಡುಕುರಿ ಒತ್ತಿದಳು; ಕಾಂಡ ಅದರ ಹೊಟ್ಟೆಯಲ್ಲೇ ಹಾದುಹೋಯಿತು! ಹುಡುಗಿ ಅಳುಮೋರೆ ಮಾಡಿದಳು.

ಉಪಾಯ ಸುಲಭ, ಮಕ್ಕಳೇ. ಮುಂದೆ ಕಾಣಬೇಕಾದ್ದನ್ನು ಮೊದಲು ಒತ್ತಿ, ಆರಲು ಬಿಡಿ. ಅದೇ ಅಚ್ಚನ್ನು ತೆಳು ಕಾಗದದ ಮೇಲೂ ಒತ್ತಿ, ಗೆರೆಯ ಒಳ ಅಂಚಿಗೇ ಕತ್ತರಿಸಿ. ಇದೇ ಮುಸುಕು. ಕಾರ್ಡಿನ ಚಿತ್ರದ ಮೇಲೆ ಇದನ್ನು ಸರಿಯಾಗಿ ಕೂರಿಸಿ, ಅದರ ಮೇಲೆಯೇ ಮರ ಒತ್ತಿ. ಮುಸುಕು ತೆಗೆದರೆ ಕೊಂಡುಕುರಿ ಮುಂದೆ, ಮರ ಹಿಂದೆ! ಗೆರೆಯ ಹೊರಗೆ ಕತ್ತರಿಸಿದರೂ, ಕಾಗದ ದಪ್ಪವಿದ್ದರೂ ಸುತ್ತ ಬಿಳಿ ಅಂಚು ಉಳಿಯುತ್ತದೆ.

ನನ್ನ ನಡುಗುವ ಕೈಗೆ ಕತ್ತರಿ ಒಗ್ಗಲಿಲ್ಲ. ಕೊಂಬು ತುಂಡಾಗಿ ಮೊದಲ ಮುಸುಕು ಕೆಟ್ಟಿತು. "ತಾತಾ, ನೀನು ಹಿಡ್ಕೋ, ನಾನು ಕತ್ತರಿಸ್ತೀನಿ" ಎಂದಳು. ಕಾರ್ಡು ಅಂಚೆಗೆ ಹೋಯಿತು. ವಾರದ ಮೇಲೆ ಗೆಳತಿಯ ಉತ್ತರ: "ಕೊಂಡುಕುರಿ ಒಂದೇ ಯಾಕಿದೆ?"

ಮುಸುಕನ್ನು ಎಸೆದಿರಲಿಲ್ಲ. ಈ ಸಲದ ಕಾರ್ಡಿನಲ್ಲಿ ಕೊಂಡುಕುರಿಯ ಹಿಂದೆ ಮರವಿಲ್ಲ, ಇನ್ನೊಂದು ಕೊಂಡುಕುರಿ ನಿಂತಿದೆ.